ನಾದದ ಉಡುಗೊರೆ

ನಾನು ವಾಸವಾಗಿರುವುದು ಬೋಪಾಲ್‌ನಲ್ಲಿ. ಮಧ್ಯಪ್ರದೇಶದ ಭೋಪಾಲ್ ಅಲ್ಲ. ಅಹಮದಾಬಾದಿನ ಪಶ್ಚಿಮದ ಅಂಚಿನಲ್ಲಿರುವ, 2020ರಲ್ಲಿ ಮಹಾನಗರಪಾಲಿಕೆಗೆ ಸೇರ್ಪಡೆಯಾದ ಬೋಪಾಲ್. ಎಷ್ಟು ಸಲ ತಿಳಿಸಿ ಹೇಳಿದರೂ ಊರಿನ ಬಂಧುಗಳು ಮಹಾಪ್ರಾಣವನ್ನು ಬಿಡಲೊಲ್ಲರು. ನನ್ನನ್ನು ಒಂದು ರಾಜ್ಯದಾಚೆಗೆ ತಳ್ಳಿಯೇ ಮಾತಿಗೆ ತೊಡಗುತ್ತಾರೆ. ಅದಿರಲಿ.

ಈ ಕಡೆ ದೀಪಾವಳಿಯ ಮರುದಿನ ಹೊಸ ವರ್ಷ. ‘ಸಾಲ್ ಮುಬಾರಕ್’ ಎನ್ನುತ್ತ ಮನೆಮನೆಗೆ ಹೋಗುವುದು, ಒಣಹಣ್ಣು, ಸಿಹಿ, ಮುಖವಾಸಗಳ ಪೆಟ್ಟಿಗೆ ಕೊಟ್ಟು ಬರುವುದು ಗುಜರಾತಿನ ಸಂಪ್ರದಾಯ. ಕೇಂದ್ರ ಸರಕಾರದ ಗುಮಾಸ್ತನಾದ ನನ್ನಂಥವನಿಗೆ ಈ ಹೊತ್ತಿನಲ್ಲಿ ಕೈಗೆ ಬರುವ ಬೋನಸ್ಸು ಕೆಲವು ವರ್ಷಗಳಿಂದ 6,908 ರೂಪಾಯಿ. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ಸಂಗೀತದ ಹುಚ್ಚುಳ್ಳ ನಾವು ಮೂರು ನಾಲ್ಕು ಮಂದಿ ಗೆಳೆಯರು ಈ ಹಣದಲ್ಲೊಂದಿಷ್ಟನ್ನು ಒಟ್ಟುಹಾಕಿ, ಪ್ರತಿ ದೀಪಾವಳಿಗೆ ಬಳಗದ ಯಾರಾದರೊಬ್ಬ ಹಿರಿಯರ ಮನೆಗೆ ಒಳ್ಳೆಯ ಧ್ವನಿವರ್ಧಕವನ್ನೋ, ದುರಸ್ತಿ ಮಾಡಿಸಿದ ಹಳೆಯ ರೆಕಾರ್ಡ್ ಪ್ಲೇಯರನ್ನೋ ಕೊಡುವ ಪರಿಪಾಠ ಇಟ್ಟುಕೊಂಡಿದ್ದೇವೆ. ಹಿಂದಿನ ಸ್ನೇಹಕೂಟದಲ್ಲಿ ಹಿರಿಯರೊಬ್ಬರು, “ಹಬ್ಬಕ್ಕೆ ಲಾಡು ಕೊಡುವುದನ್ನು ಕಂಡಿದ್ದೇವೆ, ಸ್ಪೀಕರು ಕೊಡುವ ಈ ಹೊಸ ಪದ್ಧತಿ ಎಲ್ಲಿಯದಪ್ಪ?” ಎಂದು ಕೇಳಿದರು. ಅಂದು ನಕ್ಕು ಸುಮ್ಮನಾದೆ. ಆದರೆ ಪದ್ಧತಿ ಹೊಸದೇನಲ್ಲ. ನಮ್ಮ ನಾಡಿನಲ್ಲಿ ನಾದವನ್ನು ಹಿಡಿದಿಡುವ, ಹರಡುವ ಯಂತ್ರಗಳ ಚರಿತ್ರೆಯ ಹೆಚ್ಚಿನ ಭಾಗ, ಒಬ್ಬರು ತಮಗೆ ಇಷ್ಟವಾದುದನ್ನು ಇನ್ನೊಬ್ಬರ ಕಿವಿಗೂ ಮುಟ್ಟಿಸಬೇಕೆಂದು ಕೈಬಿಟ್ಟು ಖರ್ಚು ಮಾಡಿದ ಚರಿತ್ರೆಯೇ.

ಎಡಿಸನ್ ಧ್ವನಿಯನ್ನು ಹಿಡಿದಿಟ್ಟದ್ದು 1877ರಲ್ಲಿ. ಹತ್ತು ವರ್ಷಗಳ ನಂತರ ಎಮಿಲ್ ಬರ್ಲಿನರ್ ಉರುಳೆಯನ್ನು ಬಿಟ್ಟು ಚಪ್ಪಟೆ ತಟ್ಟೆಯನ್ನು ತಂದ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಮುದ್ರಣಯಂತ್ರ ಹೊತ್ತು ಕಲ್ಕತ್ತೆಗೆ ಬಂದು ಗೌಹರ್ ಜಾನ್‌ರ ಹಾಡುಗಳನ್ನು ಮುದ್ರಿಸಿಕೊಂಡ. ತಟ್ಟೆಗಳು ಒತ್ತಿಬರಬೇಕಾಗಿದ್ದುದು ಜರ್ಮನಿಯ ಹ್ಯಾನೋವರಿನಿಂದ. ಅಲ್ಲಿಯ ಕೆಲಸಗಾರರಿಗೆ ಯಾರ ತಟ್ಟೆ ಯಾವುದೆಂದು ತಿಳಿಯಬೇಕಲ್ಲ. ಅದಕ್ಕಾಗಿ ಹಾಡಿನ ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಒಂದು ಮಗ್ಗುಲಿಗೆ ಮೂರು ನಿಮಿಷದ ಅವಕಾಶ. ಆಲಾಪ, ವಿಸ್ತಾರ, ದ್ರುತ ಎಲ್ಲವನ್ನೂ ಆ ಮೂರು ನಿಮಿಷದಲ್ಲಿ ಮುಗಿಸಬೇಕು. ತಟ್ಟೆಗೆ ಬೇಕಾಗುತ್ತಿದ್ದ ಅರಗು ನಮ್ಮದೇ ಛೋಟಾ ನಾಗಪುರದ ಕಾಡುಗಳ ಸಣ್ಣ ಹುಳುವಿನ ಉತ್ಪತ್ತಿ. ಅರಗಿನ ಉಡುಗೊರೆಯೆಂದರೆ ಪಾಂಡವರಿಗೆ ಸಿಕ್ಕ ಮನೆಯೊಂದೇ ನೆನಪಾಗುತ್ತಿದ್ದ ನಮ್ಮ ಜನಕ್ಕೆ ಅದೇ ಅರಗು ಹಾಡತೊಡಗಿದ್ದು ಸೋಜಿಗವಾಗಿರಬೇಕು.

ಅದೇ ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದು ಮೈಸೂರನ್ನು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿಕೊಂಡರು. 1930ರ ಜನವರಿ 17ರಂದು ಆಕೆ ತೀರಿಕೊಂಡದ್ದೂ ಮೈಸೂರಿನಲ್ಲೇ. ಭಾರತದ ಧ್ವನಿಮುದ್ರಣದ ಮೊದಲ ಹೆಸರಿಗೆ ಕೊನೆಯ ಆಶ್ರಯ ಕನ್ನಡ ನಾಡು.

ಗ್ರಾಮಾಫೋನು ಉಳ್ಳವರ ಮನೆಯ ವಸ್ತುವಾಗಿತ್ತು, ನಿಜ. ಆದರೆ ಅದರ ಧ್ವನಿ ಗೋಡೆಯೊಳಗೆ ನಿಲ್ಲುವಂಥದಾಗಿರಲಿಲ್ಲ. ಗದಗಿನ ಹುಡುಗ ಭೀಮಸೇನ ಜೋಶಿ ಮನೆಬಿಟ್ಟು ಓಡಿದ್ದು 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿ ಹಾಗೆ ಹಾಡಬೇಕೆಂಬ ಹಟ ಹುಟ್ಟಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಯಾರೋ ಕೊಂಡ ಯಂತ್ರ, ಯಾರಿಗೋ ಎಂದು ತಿರುಗಿಸಿದ ತಟ್ಟೆ; ಅದರ ಲಾಭ ಇಡೀ ದೇಶಕ್ಕೆ. ಅದಕ್ಕಿಂತ ಒಂದು ವರ್ಷ ಮುಂಚೆ, 1932ರಲ್ಲಿ, ಹುಬ್ಬಳ್ಳಿಯ ಗಂಗೂಬಾಯಿಯವರ ಮೊದಲ ತಟ್ಟೆಗಳು ಎಚ್.ಎಂ.ವಿ.ಯಿಂದ ಹೊರಬಿದ್ದವು. ಅವುಗಳ ಮೇಲೆ ಅಚ್ಚಾಗಿದ್ದ ಹೆಸರು ‘ಗಾಂಧಾರಿ’.

ಗುಜರಾತಿನಲ್ಲಿರುವ ನಾವು ಮರೆಯಬಾರದ ಇನ್ನೊಂದು ಕೊಂಡಿಯಿದೆ. ಬರೋಡದ ಆಸ್ಥಾನ ಗಾಯಕರಾಗಿದ್ದ ಫೈಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸಿಕಿ’ ಎಂದರೆ ‘ಸಂಗೀತದ ಸೂರ್ಯ’ ಎಂಬ ಬಿರುದು ಕೊಟ್ಟವರು ಮೈಸೂರಿನ ಮಹಾರಾಜರು. 1950ರಲ್ಲಿ ಬರೋಡದಲ್ಲಿ ಕಣ್ಣುಮುಚ್ಚುವವರೆಗೂ ಆ ಬಿರುದು ಅವರ ಹೆಸರಿನ ಹಿಂದೆಯೇ ಇತ್ತು, ಈಗಲೂ ಇದೆ. ಖಾನ್ ಸಾಹೇಬರ ತಟ್ಟೆಯೊಂದರ ವಿಷಯ ಈ ಲೇಖನದ ಕೊನೆಗೆ ಬರಲಿದೆ.

ಇನ್ನು ಬಾನುಲಿಯ ಮಾತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ‘ವಿಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ಪ್ರಸಾರಯಂತ್ರದ ಶಕ್ತಿ 30 ವಾಟು. ನಮ್ಮ ಅಡುಗೆಮನೆಯಲ್ಲಿ ಈ ಹಿಂದೆ ಉರಿಯುತ್ತಿದ್ದ ಬಲ್ಬೇ 40 ವಾಟಿನದು ಎಂದು ನೆನೆದರೆ ಅವರ ಧೈರ್ಯ ಅರ್ಥವಾದೀತು. ಮುಂದೆ 250 ವಾಟಿನ ಯಂತ್ರ ಬಂತು. ಸರಕಾರದ ಆದೇಶವಿಲ್ಲ, ಅನುದಾನವಿಲ್ಲ. ಮೇಷ್ಟರೊಬ್ಬರು ಕೈಯಿಂದ ಹಣ ಹಾಕಿ ಊರಿಗೆ ಸಂಗೀತ, ಭಾಷಣ, ನಾಟಕಗಳನ್ನು ಹಂಚಿದರು. ನಿಲಯದ ಹೆಸರು ‘ಆಕಾಶವಾಣಿ’. ಹೆಸರು ಸೂಚಿಸಿದವರಾರು ಎಂಬ ಬಗ್ಗೆ ಬೇರೆಬೇರೆ ಮಾತುಗಳಿವೆ. ಆದರೆ ಮುಂದೆ ಇಡೀ ದೇಶದ ಬಾನುಲಿ ಆ ಹೆಸರನ್ನೇ ಧರಿಸಿತೆಂಬುದರಲ್ಲಿ ಎರಡು ಮಾತಿಲ್ಲ. 1940ರ ದಶಕದ ಮೊದಲಲ್ಲಿ ನಿಲಯ ಸಂಸ್ಥಾನದ ಕೈಸೇರಿತು. ಸ್ವಾತಂತ್ರ್ಯ ಬಂದಾಗ ದೇಶೀಯ ಸಂಸ್ಥಾನಗಳಲ್ಲಿದ್ದ ಬಾನುಲಿ ನಿಲಯಗಳು ಐದೇ. ಅವುಗಳಲ್ಲಿ ಒಂದು ಮೈಸೂರು, ಇನ್ನೊಂದು ನಮ್ಮ ನೆರೆಯ ಬರೋಡ; ಉಳಿದವು ಹೈದರಾಬಾದು, ಔರಂಗಾಬಾದು, ತಿರುವನಂತಪುರ.

ಈಗ ಮುಖ್ಯ ಪ್ರಸಂಗಕ್ಕೆ ಬರುತ್ತೇನೆ. ನಾದಯಂತ್ರಗಳ ಹುಚ್ಚು, ಅದನ್ನು ಹಂಚಿಕೊಳ್ಳುವ ಉದಾರತೆ ಎರಡೂ ಒಬ್ಬರಲ್ಲೇ ಕೂಡಿದ್ದನ್ನು ನೋಡಬೇಕಾದರೆ ಜಯಚಾಮರಾಜ ಒಡೆಯರ ಬಳಿಗೆ ಹೋಗಬೇಕು. 1919ರಲ್ಲಿ ಹುಟ್ಟಿದ ಅವರಿಗೆ ಚಿಕ್ಕಂದಿನಿಂದ ಪಾಶ್ಚಾತ್ಯ ಸಂಗೀತದ ಶಿಕ್ಷಣ. ಪಿಯಾನೋ ವಾದಕರೇ ಆಗಬೇಕು, ರಷ್ಯದ ರಾಖ್ಮನಿನೋವ್ ಅವರಲ್ಲಿ ಕಲಿಯಬೇಕು ಎಂಬ ಆಸೆಯಿತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಯುವರಾಜರೂ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡರು. ಇಪ್ಪತ್ತೊಂದರ ಹರೆಯದಲ್ಲಿ ಸಿಂಹಾಸನ ಬಂತು, ಪಿಯಾನೋ ಹೋಯಿತು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರೆಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಅವರ ಇನ್ನೊಂದು ಮುಖವೇ ಅಷ್ಟಾಗಿ ಗೊತ್ತಿಲ್ಲ.

ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಕಾರರು 1930ರ ದಶಕದ ನಡುವಿನಿಂದ ಲಂಡನ್ನಿನಲ್ಲಿ ನೆಲಸಿದ್ದರು. ಯುದ್ಧದ ವರ್ಷಗಳಲ್ಲಿ ವರಮಾನ ಕುಗ್ಗಿ, 1942ರಲ್ಲಿ ಹೃದಯಾಘಾತವೂ ಆಗಿ, ಲೋಕ ಅವರನ್ನು ಬಹುಮಟ್ಟಿಗೆ ಮರೆತಿತ್ತು. ಅವರ ಕೃತಿಗಳ ತಟ್ಟೆಗಳು ದೊರೆಯದಿರುವುದನ್ನು ಕಂಡ ಮೈಸೂರಿನ ದೊರೆ, ಅವನ್ನೆಲ್ಲ ಸಂಗೀತಕಾರರ ಕೈಯಿಂದಲೇ ನುಡಿಸಿ ಮುದ್ರಿಸಬೇಕೆಂದು ಹಣ ಕೊಟ್ಟರು. ಅದಕ್ಕಾಗಿ ಮೆಟ್ನರ್ ಸಂಘವೇ ಸ್ಥಾಪನೆಯಾಯಿತು. ಮೆಟ್ನರ್ ತಮ್ಮ ಮೂರು ಪಿಯಾನೋ ಕಂಚೆರ್ಟೊಗಳನ್ನೂ ಅನೇಕ ಬಿಡಿ ಕೃತಿಗಳನ್ನೂ ಎಚ್.ಎಂ.ವಿ.ಗಾಗಿ ನುಡಿಸಿದರು; ಎಲಿಸಬೆತ್ ಶ್ವಾರ್ಟ್ಸ್‌ಕೋಫ್ ಅವರ ಹಾಡುಗಳನ್ನು ಹಾಡಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಕೆಲವು ವರ್ಷ ತಡವಾಗಿದ್ದರೆ ಆ ಕೈಯ ನಾದ ನಮಗೆ ಉಳಿಯುತ್ತಿರಲಿಲ್ಲ. ತಮ್ಮ ಮೂರನೆಯ ಕಂಚೆರ್ಟೊವನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ.

ಲಂಡನ್ನಿನಲ್ಲಿ 1945ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದ ವಾಲ್ಟರ್ ಲೆಗ್ ಒಮ್ಮೆ ಮೈಸೂರಿಗೇ ಬಂದಿದ್ದರು. ಮೂವತ್ತು ತುಂಬದ ಮಹಾರಾಜರ ಅರಮನೆಯಲ್ಲಿ ಕಲ್ಪನೆಗೂ ಮೀರಿದ ಧ್ವನಿಮುದ್ರಿಕಾ ಭಂಡಾರವನ್ನೂ, ಬಗೆಬಗೆಯ ಧ್ವನಿವರ್ಧಕಗಳನ್ನೂ, ಹಲವು ದೊಡ್ಡ ಪಿಯಾನೋಗಳನ್ನೂ ಕಂಡು ಬೆರಗಾದುದನ್ನು ಅವರು ಬರೆದಿಟ್ಟಿದ್ದಾರೆ. ಆ ಭಂಡಾರದಲ್ಲಿ ಸುಮಾರು 20,000 ತಟ್ಟೆಗಳಿದ್ದವೆಂದು ಅಂದಾಜು. ಯಾವ ಯಂತ್ರದಲ್ಲಿ ಮಂದ್ರ ಗಟ್ಟಿ, ಯಾವುದರಲ್ಲಿ ತಾರ ಸ್ವಚ್ಛ ಎಂದು ಒಂದಾದ ಮೇಲೊಂದು ಪೆಟ್ಟಿಗೆಯನ್ನು ಹೋಲಿಸಿ ನೋಡುವ ಚಟ ನನಗೂ ಇದೆ. ಎರಡೇ ಜೊತೆ ಪೆಟ್ಟಿಗೆಗಳಿಗೆ ನಮ್ಮ ಮನೆಯಲ್ಲಿ ಆಗುವ ಮಾತುಕತೆಯನ್ನು ನೆನೆದು, ಅರಮನೆ ಇದ್ದವರೇ ಪುಣ್ಯವಂತರು ಎಂದುಕೊಳ್ಳುತ್ತೇನೆ.

ಲೆಗ್ ಬರಿಗೈಯಲ್ಲಿ ಹಿಂತಿರುಗಲಿಲ್ಲ. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಮಹಾರಾಜರು ಒಪ್ಪಿದರು. ಫಿಲ್‌ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರೂ ಆದರು. ಅಂಗಡಿಯಲ್ಲಿ ಸಿಗದ ಕೃತಿಗಳನ್ನು ಮುದ್ರಿಸಬೇಕೆಂಬುದು ಅವರ ಅಪೇಕ್ಷೆ. ಬಾಲಾಕಿರೆವ್‌ರ ಸಿಂಫನಿಯನ್ನು ಹರ್ಬರ್ಟ್ ಫಾನ್ ಕರಾಯನ್ 1949ರಲ್ಲಿ ಮುದ್ರಿಸಿದ್ದು ಹೀಗೆ. ಯುದ್ಧದಿಂದ ಸೊರಗಿದ್ದ ಯೂರೋಪಿನ ರಸಿಕರು ಮೈಸೂರಿನ ಹಣದಲ್ಲಿ ತಯಾರಾದ ತಟ್ಟೆಗಳನ್ನು ತಮ್ಮ ಮನೆಗೆ ಒಯ್ದು ಕೇಳಿದರು.

ಇದೆಲ್ಲದರ ಶಿಖರ 1950ರ ಮೇ 22. ಜರ್ಮನಿಯ ರಿಚರ್ಡ್ ಸ್ಟ್ರೌಸ್ ಹಿಂದಿನ ವರ್ಷ ತೀರಿಕೊಂಡಿದ್ದರು. ಬಾಳಿನ ಸಂಜೆಯಲ್ಲಿ ಬರೆದ ಅವರ ನಾಲ್ಕು ಕಡೆಯ ಹಾಡುಗಳನ್ನು ಇನ್ನೂ ಯಾರೂ ವೇದಿಕೆಯಲ್ಲಿ ಹಾಡಿರಲಿಲ್ಲ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವುಗಳನ್ನು ಮೊದಲ ಬಾರಿಗೆ ಹಾಡಿದರು. ಆ ಕಚೇರಿಗೆ 4,800 ಡಾಲರಿನ ಭರವಸೆ ಕೊಟ್ಟವರು ಜಯಚಾಮರಾಜ ಒಡೆಯರು. ಅವರು ಅಲ್ಲಿ ಇರಲಿಲ್ಲ. ಹಾಡನ್ನು ಮುದ್ರಿಸಿ ಮೈಸೂರಿಗೆ ಕಳಿಸಿಕೊಡಬೇಕೆಂದಷ್ಟೇ ಅವರ ಕೋರಿಕೆ. ಸಾವಿರಾರು ಮಂದಿಗೆ ಸಭಾಂಗಣದಲ್ಲಿ ನೇರವಾಗಿ ಕೇಳುವ ಭಾಗ್ಯ. ಕೊಟ್ಟವರಿಗೆ ಮಾತ್ರ ಹಡಗಿನಲ್ಲಿ ಬಂದ ತಟ್ಟೆ. ಆ ಮುದ್ರಣ ಕಾಲಾಂತರದಲ್ಲಿ ಸಿ.ಡಿ.ಯಾಗಿಯೂ ಹೊರಬಂದಿದೆ, ನಾನು ಕೇಳಿದ್ದೇನೆ. ಎಲ್ಲೆಡೆ ಗರಗರ ಸದ್ದು. ಹೊಗೆಯ ಹಿಂದಿನಿಂದ ಬರುವಂತೆ ಆಕೆಯ ಕಂಠ. ಉತ್ತಮ ಧ್ವನಿಗಾಗಿ ಅಷ್ಟು ಹಂಬಲಿಸಿದವರ ಪಾಲಿಗೆ ಬಂದದ್ದು ಇದು. ಆದರೂ ಒಮ್ಮೆ ಕೇಳತೊಡಗಿದರೆ ಸದ್ದು ಮರೆತುಹೋಗುತ್ತದೆ.

ಲೆಕ್ಕಪತ್ರ ನೋಡಿ ಬದುಕುವವನಾದ ನನಗೆ ಇಲ್ಲಿ ಒಂದು ಆಕ್ಷೇಪಣೆ ಬರೆಯದಿರಲಾಗುವುದಿಲ್ಲ. ಲಂಡನ್ನಿಗೆ ಹೋದ ಪೌಂಡುಗಳ ಮೂಲದಲ್ಲಿ ಮೈಸೂರಿನ ರೈತನ ಕಂದಾಯವೂ ಇತ್ತಷ್ಟೆ. ಮೆಟ್ನರ್ ಅವರಿಗೆ ಆದಂತೆ ನಮ್ಮ ಮೈಸೂರು ವೀಣೆಯ ಬಾನಿಗೂ ಒಂದು ಮುದ್ರಿಕಾ ಸಂಘ ಆಗಬೇಕಿತ್ತು, ಆಗಲಿಲ್ಲ. ಮಹಾರಾಜರನ್ನು ಎಷ್ಟು ಮೆಚ್ಚಿದರೂ ಈ ಕೊರಗು ನನ್ನಲ್ಲಿ ಉಳಿದಿದೆ.

ಸ್ವಾತಂತ್ರ್ಯಾನಂತರದ ಕಥೆ ಹೆಚ್ಚಿನವರ ಮನೆಯದೇ. ಧಾರವಾಡ ಆಕಾಶವಾಣಿ 1950ರಲ್ಲಿ, ವಿವಿಧ ಭಾರತಿ 1957ರಲ್ಲಿ ಆರಂಭವಾದವು. ಮದುವೆಯಲ್ಲಿ ಅಳಿಯನಿಗೆ ಗಡಿಯಾರ, ಸೈಕಲ್ಲು, ರೇಡಿಯೋ ಎಂಬ ತ್ರಿವರ್ಗ ಬಂದದ್ದು ಈ ಕಾಲದಲ್ಲಿ. ಅದು ಉಡುಗೊರೆಯೋ ವರದಕ್ಷಿಣೆಯೋ ಎಂದು ಕೇಳಿದರೆ ಎಷ್ಟೋ ಹಿರಿಯರು ಇಂದಿಗೂ ಮಾತು ಬದಲಿಸುತ್ತಾರೆ. ಸಂತಾನಹರಣ ಚಿಕಿತ್ಸೆಗೆ ಒಪ್ಪಿದವರಿಗೆ ಟ್ರಾನ್ಸಿಸ್ಟರು ಕೊಟ್ಟ ದಿನಗಳೂ ಇದ್ದವು. ಅದನ್ನು ಉಡುಗೊರೆಯ ಚರಿತ್ರೆಗೆ ಸೇರಿಸಲು ಮನಸ್ಸಾಗುವುದಿಲ್ಲ. ರೇಡಿಯೋಗೆ ಅಂಚೆ ಕಚೇರಿಯಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಿ ಪರವಾನಗಿ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕಿತ್ತು. 1980ರ ದಶಕದಲ್ಲಿ ಆ ಕಾಟ ತಪ್ಪಿತು. ಆಮೇಲೆ ಕೊಲ್ಲಿ ದೇಶಗಳಿಂದ ಹಬ್ಬಕ್ಕೆ ಬರುವವರ ಕಂಕುಳಲ್ಲಿ ಟೂ-ಇನ್-ಒನ್ನುಗಳು ಬಂದವು. ಅವುಗಳ ಹಿಂದೆ, ಪಿ.ಎಂ.ಪಿ.ಓ. ಎಂಬ ಮಾಯಾ ಅಳತೆಯಲ್ಲಿ ಸಾವಿರಗಟ್ಟಲೆ ವಾಟುಗಳನ್ನು ಬರೆದುಕೊಂಡ ಪೆಟ್ಟಿಗೆಗಳು. ಮನೆಯ ಫ್ಯೂಸು ತಡೆಯಲಾರದಷ್ಟು ಶಕ್ತಿ ಅಂಗೈಯಗಲದ ಸ್ಪೀಕರಿನಿಂದ ಹೇಗೆ ಬಂದೀತೆಂದು ಬಿ.ಎಸ್ಸಿ. ಓದಿದ ನಾವೂ ಆಗ ಕೇಳಲಿಲ್ಲ.

ನಮ್ಮ ಅಹಮದಾಬಾದು ಕನ್ನಡ ನಾಡಿಗೆ ಕೊಟ್ಟದ್ದನ್ನೂ ಒಂದು ಮಾತಿನಲ್ಲಿ ಹೇಳಬೇಕು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ, ಇಲ್ಲಿಯ ಭೂಕೇಂದ್ರದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮ ಹೋಗುತ್ತಿತ್ತು. ಅವುಗಳಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಚಿತ್ರ ಒಂದೇ, ಧ್ವನಿಯ ದಾರಿ ಎರಡು: ಅದೇ ಚಿತ್ರಕ್ಕೆ ಆಂಧ್ರದಲ್ಲಿ ತೆಲುಗು, ನಮ್ಮಲ್ಲಿ ಕನ್ನಡ. ಹಳ್ಳಿಗೊಂದೇ ಪೆಟ್ಟಿಗೆ, ಅದರ ಮುಂದೆ ಊರೆಲ್ಲ.

ಹಬ್ಬದ ಉಡುಗೊರೆಯಾಗಿ ನಾದದ ಪೆಟ್ಟಿಗೆ ಮತ್ತೆ ಮನೆಮನೆಗೆ ಬಂದದ್ದು 2017ರಲ್ಲಿ, ಹಳೆಯ ಎಚ್.ಎಂ.ವಿ.ಯೇ ಆದ ಸಾರೆಗಾಮ ಕಂಪನಿ ‘ಕಾರವಾನ್’ ಹೊರತಂದಾಗ. ಹಳೆಯ ರೇಡಿಯೋದ ಆಕಾರ, ಒಳಗೆ 5,000 ಹಾಡು. ಮುದಿ ತಂದೆತಾಯಿಗಳಿಗೆ ಕೊಡಿ ಎಂಬ ಪ್ರಚಾರ. ಧ್ವನಿಯ ಗುಣವನ್ನು ಕುರಿತು ನಮ್ಮಂಥ ಹುಚ್ಚರು ಮೂಗು ಮುರಿದರೂ ಜನ ಮುಗಿಬಿದ್ದು ಕೊಂಡರು.

ನಾನು ಕೊಳ್ಳಲಿಲ್ಲ. ಇಲ್ಲಿಂದ ಮುಂದಿನದು ನನ್ನ ಪೆದ್ದತನದ ವೃತ್ತಾಂತ.

ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಶಾಲಾ ಮಾಸ್ತರರಾಗಿದ್ದ ನಮ್ಮ ತಂದೆಯವರಿಗೆ ಮದುವೆಯಲ್ಲಿ ಬಂದ ಮರ್ಫಿ ರೇಡಿಯೋ ಒಂದಿತ್ತು. ಸಂಜೆ ಅದನ್ನು ಜಗುಲಿಯ ಕಿಟಕಿಯಲ್ಲಿ ಹೊರಮುಖವಾಗಿ ಇಡುತ್ತಿದ್ದರು. ಓಣಿಯ ನಾಲ್ಕಾರು ಮಂದಿ ಬಂದು ಕೂರುತ್ತಿದ್ದರು. ಅಂಥವರಿಗೆ ಅಗ್ಗದ ಪೆಟ್ಟಿಗೆ ಕೊಡುವುದೇ ಎಂದು, ಎರಡು ವರ್ಷದ ಬೋನಸ್ಸಿಗೆ ಇನ್ನಷ್ಟು ಸೇರಿಸಿ, ಅಹಮದಾಬಾದಿನ ರಿಲೀಫ್ ರೋಡಿನಲ್ಲಿ ಒಂದು ಜೊತೆ ಒಳ್ಳೆಯ ಸ್ಪೀಕರು, ಒಂದು ಆಂಪ್ಲಿಫೈಯರು ಕೊಂಡೆ. ಜೋಧಪುರದಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ, ಕಾಲ ಬಳಿಯೇ ಇಟ್ಟುಕೊಂಡು, ದೀಪಾವಳಿಗೆ ಊರಿಗೆ ಒಯ್ದೆ. ತಂತಿವಾದ್ಯದ ಮೀಟಿನ ತುದಿ, ತಾಳದ ಝಣತ್ಕಾರ ಎಲ್ಲ ಕಣ್ಣಿಗೆ ಕಟ್ಟಿದಂತೆ ಕೇಳಿಸುವ ಪೆಟ್ಟಿಗೆಗಳು ಅವು. ತಂದೆಯವರು ಐದು ನಿಮಿಷ ಕೇಳಿ, “ಚಲೋ ಅದ” ಎಂದರು. ಮರುವರ್ಷ ಹೋದಾಗ ಅದರ ಮೇಲೆ ಕಸೂತಿಯ ಬಟ್ಟೆ, ಬಟ್ಟೆಯ ಮೇಲೆ ಗಣಪತಿ.

ಬೇಸರವಾಯಿತು. ಆಮೇಲೆ ತಾಯಿ ಹೇಳಿದರು, ಅವರಿಗೆ ಈಗ ಬಾಗಿಲ ಗಂಟೆಯೂ ಹಕ್ಕಿಯ ಕೂಗೂ ಕೇಳಿಸುವುದಿಲ್ಲ ಎಂದು. ಓದಿದ ಭೌತಶಾಸ್ತ್ರ ಆಗ ನೆನಪಾಯಿತು. ಎಳೆಯ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ ಕೇಳುತ್ತದೆ. ವಯಸ್ಸಾದಂತೆ ಮೇಲಿನ ತುದಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಕಳಚುತ್ತ ಬರುತ್ತದೆ. ನಾನು ಹಣ ಕೊಟ್ಟು ಹೊತ್ತು ತಂದದ್ದೇ ಆ ಮೇಲಿನ ತುದಿ. ಅವರ ಪಾಲಿಗೆ ಅದು ಇರಲೇ ಇಲ್ಲ. ಕೇಳಿಸಲಿಲ್ಲವೆಂದು ಹೇಳಿದರೆ ಮಗನಿಗೆ ನೋವಾದೀತೆಂದು ಅವರು ‘ಚಲೋ ಅದ’ ಎಂದಿದ್ದರು.

ಎಲಿಸ್ ಬ್ರಿಜ್ಜಿನ ಕೆಳಗೆ ಸಾಬರಮತಿಯ ದಂಡೆಯಲ್ಲಿ ಭಾನುವಾರದ ಗುಜರಿ ಸಂತೆ ಕೂಡುವುದು ಅಹಮದಾಬಾದಿನವರಿಗೆ ಗೊತ್ತು. ಅಲ್ಲಿ ತುಕ್ಕು ಹಿಡಿದ ಮೊಳೆಗಳ ಪಕ್ಕದಲ್ಲಿ ನನಗೆ ಫೈಯಾಜ್ ಖಾನರ 78 ಸುತ್ತಿನ ತಟ್ಟೆಯೊಂದು ಸಿಕ್ಕಿತು. ಗೆಳೆಯರೊಬ್ಬರ ಯಂತ್ರದಲ್ಲಿ ತಿರುಗಿಸಿ, ಧ್ವನಿಯನ್ನು ಪ್ರತಿ ಮಾಡಿಕೊಂಡೆ. ಆ ಕಾಲದ ತಟ್ಟೆಗಳಲ್ಲಿ 5,000-6,000 ಕಂಪನಗಳಿಂದ ಮೇಲೆ ಸಂಗೀತವೆಂಬುದು ಹೆಚ್ಚೇನೂ ಇರುವುದಿಲ್ಲ, ಇರುವುದು ಮುಳ್ಳಿನ ಗರಗರವಷ್ಟೆ. ಎಂದರೆ, ಆ ತಟ್ಟೆಯಲ್ಲಿರುವ ಹಾಡಿನ ಬಹುಪಾಲು ತಂದೆಯವರ ಕಿವಿಗೆ ಎಟುಕುವಷ್ಟರೊಳಗೇ ಇದೆ. ಅವರಿಗೆ ತಪ್ಪಿಹೋಗುವುದು ಗರಗರ ಮಾತ್ರ.

ಈ ಸಲದ ದೀಪಾವಳಿಗೆ ಗಣಪತಿಯನ್ನು ಪಕ್ಕಕ್ಕಿಟ್ಟು, ಬಟ್ಟೆ ತೆಗೆದು ಅದನ್ನು ಹಾಕಿದೆ. ಖಾನ್ ಸಾಹೇಬರ ಗಡಸು ಕಂಠ ಕೋಣೆ ತುಂಬಿತು. ತಂದೆಯವರು ಪೇಪರು ಮಡಿಸಿಟ್ಟರು. ತಟ್ಟೆ ಮುಗಿಯುವವರೆಗೂ ಮಾತಿಲ್ಲ. ಆಮೇಲೆ, “ಸದ್ದs ಇಲ್ಲಲೋ ಇದರಾಗ, ಎಷ್ಟು ಸ್ವಚ್ಛ ಅದ!” ಎಂದರು. ನನ್ನ ಕಿವಿಗೆ ಅದರ ತುಂಬ ಗರಗರ, ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಹಾಕಲು ಹೋದವನನ್ನು ಕೈಸನ್ನೆಯಿಂದ ತಡೆದು, ಪೆಟ್ಟಿಗೆಗಳೆರಡನ್ನೂ ಕಿಟಕಿಯ ಕಡೆ ತಿರುಗಿಸೆಂದು ಹೇಳಿ, ಎದುರು ಮನೆಯವರನ್ನು ಕೂಗಿ ಕರೆಯಲು ಜಗುಲಿಗೆ ಹೋದರು.